ಎದುರು ಕೂತು ಕಲಿತ ಕೈ

ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಬೂದು ಬೆಳಕು. ಸ್ಟೂಲಿನ ಮೇಲೆ ಕೂತ ಉಲ್ಟಕ್ಕ ಹಳೇ ಕೋಟಿನ ತುಂಡೊಂದನ್ನು ಮಡಿಲಲ್ಲಿ ಹರಡಿಕೊಂಡು, ಅದರ ಬಲತುದಿಯಲ್ಲಿ ಸೂಜಿ ಚುಚ್ಚುತ್ತಾರೆ. ಒಂದು ಎಳೆ, ಇನ್ನೊಂದು ಎಳೆ. ಹತ್ತಿಪ್ಪತ್ತು ಎಳೆ ದಾಟುವಷ್ಟರಲ್ಲಿ ಹುಬ್ಬು ಗಂಟಿಕ್ಕುತ್ತದೆ. ಬಟ್ಟೆ ಸುಕ್ಕು ಹಿಡಿದಿದೆ. ಕತ್ತರಿ ತೆಗೆದು ಅಷ್ಟನ್ನೂ ಕಿತ್ತುಹಾಕುತ್ತಾರೆ. ಮತ್ತೆ ಬಲತುದಿಯಿಂದಲೇ ಶುರು.

ಬಸ್ ಓಡಿಸುವ ಗಂಡ ಡ್ಯೂಟಿಗೆ ಹೊರಟವರು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಾರೆ. “ಕಟ್ಟೋದು, ಕೆಡವೋದು. ರಸ್ತೆ ರಿಪೇರಿಯವರ ಹತ್ರ ಹೋಗಿದ್ರೆ ನಿಂಗೆ ಇಷ್ಟೊತ್ತಿಗೆ ದೊಡ್ಡ ಹುದ್ದೆ ಸಿಕ್ಕಿರೋದು” ಎನ್ನುತ್ತಾರೆ. ಉಲ್ಟಕ್ಕ ತಲೆ ಎತ್ತುವುದಿಲ್ಲ. ಹಿಂದೊಮ್ಮೆ ಇದೇ ಗಂಡ, ಯಾವ ಅಭ್ಯಾಸವನ್ನಾದರೂ ಇಪ್ಪತ್ತೊಂದು ದಿನದಲ್ಲಿ ಬದಲಾಯಿಸಬಹುದು ಎಂದು ಹೇಳುವ ಪುಸ್ತಕವೊಂದನ್ನು ತಂದುಕೊಟ್ಟಿದ್ದರು. ಉಲ್ಟಕ್ಕ ಅದನ್ನು ಕೊನೆಯವರೆಗೂ ಓದಿದ್ದಾರೆ. “ಇಪ್ಪತ್ತೊಂದು ದಿನ ಅಂತೆ. ನಂಗೆ ಇಪ್ಪತ್ತೊಂದು ವರ್ಷ ಆಯ್ತು. ಬರೆದೋರು ಸೂಜಿ ಹಿಡಿದಿರ್ಲಿಕ್ಕಿಲ್ಲ” ಎಂದು ನಗುತ್ತಾರೆ.

ಅವರದು ರಫು ಹಾಕುವ ಕೆಲಸ. ಬಟ್ಟೆ ಹರಿದಲ್ಲಿ, ಸುಟ್ಟಲ್ಲಿ, ಹುಳು ತಿಂದಲ್ಲಿ ತೇಪೆ ಹಚ್ಚದೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ ತಂದು, ಹಾಸು ಹೊಕ್ಕು ಕೂಡಿಸಿ ಮತ್ತೆ ನೇಯುವುದು. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಗಿರಾಕಿಯೇ ಹುಡುಕಬೇಕು. ಹಾಗಾಗಿ ಈ ಕೆಲಸದವರಿಗೆ ಹೊಗಳಿಕೆ ಸಿಗುವುದು ಅಪರೂಪ. ಕಾಣದ್ದನ್ನು ಹೊಗಳುವುದಾದರೂ ಹೇಗೆ? ಬೀದಿಯ ಮೂಲೆಯ ಡ್ರೈಕ್ಲೀನ್ ಅಂಗಡಿಯೊಂದರ ಒಳಭಾಗದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ದೊಡ್ಡ ಕಿಟಕಿ. ದಿನಕ್ಕೆ ಸಣ್ಣ ತೂತಾದರೆ ನಾಲ್ಕೈದು, ದೊಡ್ಡದಾದರೆ ಒಂದೇ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದಾದ್ದರಿಂದ ಕಿಟಕಿಯ ಬೆಳಕು ಇರುವಷ್ಟು ಹೊತ್ತು ಮಾತ್ರ ಕೆಲಸ.

ಕಿಟಕಿಯ ಪಕ್ಕದ ಕುರ್ಚಿ ಮಾಸ್ಟರದು. ಉಲ್ಟಕ್ಕನಿಗೆ ಸೂಜಿ ಹಿಡಿಯುವುದನ್ನು ಕಲಿಸಿದವರು ಅವರೇ. ಈಗ ಅವರ ಕಣ್ಣಿಗೆ ಪೊರೆಯ ಮೇಲೆ ಪೊರೆ. ಸೂಜಿ ಬಿಟ್ಟು ನಾಲ್ಕು ವರ್ಷವಾಗಿದೆ. ಆದರೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ದಿನಾ ಬರುತ್ತಾರೆ. ಮುಗಿದ ಬಟ್ಟೆಯನ್ನು ಮಗುಚಿ, ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ರಫುವಿನ ಮುಖದಲ್ಲಿ ಯಾರ ಗುರುತೂ ಇರಬಾರದು. ಬೆನ್ನಿನಲ್ಲಿ ಮಾತ್ರ ಹಾಕಿದವರ ಕೈ ಹಾಗೇ ಉಳಿದಿರುತ್ತದೆ. ಒಗೆದಾಗ ಎಳೆ ಜಾರಬಾರದೆಂದು ಬಿಟ್ಟ ಪುಟ್ಟ ತುದಿಗಳು ಕೈ ಸಾಗಿದ ದಿಕ್ಕಿಗೆ ಮಲಗಿರುತ್ತವೆ. ಬೆಕ್ಕಿನ ಮೈ ಸವರಿದ ಹಾಗೆ, ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ತಡೆ. ಮಾಸ್ಟರಿಗೆ ಅಷ್ಟು ಸಾಕು, ಯಾರ ಕೆಲಸವೆಂದು ಹೇಳಿಬಿಡುತ್ತಾರೆ.

ಉಲ್ಟಕ್ಕನಿಗೆ ಆ ಹೆಸರು ಬಂದದ್ದೂ ಹೀಗೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾಸ್ಟರು ಅವರನ್ನು ಮೇಜಿನ ಆಚೆ, ತಮ್ಮ ಎದುರಿಗೇ ಕೂರಿಸಿಕೊಂಡರು. ಮಾಸ್ಟರು ಬಲದಿಂದ ಶುರುಮಾಡಿ ಎಡಕ್ಕೆ ಹೋಗುತ್ತಿದ್ದರು. ಎದುರಿಗೆ ಕೂತವರಿಗೆ ಅದು ಎಡದಿಂದ ಬಲಕ್ಕೆ ಹೋದಂತೆ ಕಂಡಿತು. ಕಂಡದ್ದನ್ನು ಕಂಡ ಹಾಗೆ ಕಲಿತರು. ಇಬ್ಬರ ಸೂಜಿಯೂ ಕಿಟಕಿಯ ಕಡೆಯಿಂದಲೇ ಹೊರಡುತ್ತಿದ್ದುದರಿಂದ ಮಾಸ್ಟರಿಗೂ ಅನುಮಾನ ಬರಲಿಲ್ಲ. ವರ್ಷ ಕಳೆದು ಮಾಸ್ಟರ ಹಳೇ ರಫುವೊಂದರ ಪಕ್ಕದಲ್ಲೇ ಹೊಸ ತೂತು ಬಿದ್ದ ಕೋಟು ಬಂತು. ಹೊಸದನ್ನು ಇವರು ಹಾಕಿದರು. ಒಂದು ಒಗೆತಕ್ಕೆ ಎರಡು ಕೈಗಳೂ ಎದುರುಬದುರು ಎಳೆದಾಡಿ ನಡುವೆ ಏಣು ಎದ್ದಿತು. ಗಿರಾಕಿ ಕೋಟು ತಂದು ಕೌಂಟರಿನ ಮೇಲೆ ಎಸೆದು ಹೋದ. ಮಾಸ್ಟರು ಬೆನ್ನು ಮುಟ್ಟಿ ನೋಡಿ, “ಉಲ್ಟಾ ಹಾಕಿದ್ದೀಯಲ್ಲಮ್ಮ” ಎಂದರು. ಅಷ್ಟೇ. ಅಂಗಡಿಯವರ ಬಾಯಲ್ಲಿ ಅವತ್ತಿನಿಂದ ಉಲ್ಟಕ್ಕ.

ಆಮೇಲೆ ಮಾಸ್ಟರು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದರು, ಗದರಿದರು, ಕೈ ಹಿಡಿದು ಬಲದಿಂದ ಎಳೆಸಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಂಗಡಿಯವರು ಆಡಿಕೊಂಡರು. ಬಲದಿಂದ ಹಾಕಿದರೆ ಲೆಕ್ಕಕ್ಕೆ ಎಲ್ಲ ಸರಿ, ಬಟ್ಟೆ ಮಾತ್ರ ಬಿಗಿದುಕೊಳ್ಳುತ್ತಿತ್ತು. ಎಡದಿಂದ ಹಾಕಿದರೆ ಬಟ್ಟೆ ಉಸಿರಾಡುತ್ತಿತ್ತು, ಮಾಸ್ಟರ ಮುಖ ಮಾತ್ರ ಬಿಗಿದುಕೊಳ್ಳುತ್ತಿತ್ತು. ಕೊನೆಗೆ, ನನ್ನ ಹಳೇ ರಫು ಇರುವ ಬಟ್ಟೆಗೆ ಕೈ ಹಚ್ಚಬೇಡ, ಉಳಿದದ್ದು ನಿನ್ನಿಷ್ಟ ಎಂದು ಬಿಟ್ಟುಬಿಟ್ಟರು. ಉಲ್ಟಕ್ಕ ಬಿಡಲಿಲ್ಲ. ಅವತ್ತು ಶುರುವಾದ ಬೆಳಗಿನ ಅಭ್ಯಾಸ ಇವತ್ತಿಗೂ ನಿಂತಿಲ್ಲ.

“ಚೆನ್ನಾಗಿದೆ ಅಂತ ಗಿರಾಕಿ ಹೇಳಿದ್ರೂ ನಂಗೆ ನಿದ್ದೆ ಬರಲ್ಲ. ನಾನು ಮಾಡಿದ್ದು ಸರಿಯಾ ಅಥವಾ ಸರಿ ಇರೋ ಹಾಗೆ ಕಾಣ್ತಿದೆಯಾ ಅನ್ನೋದೇ ತಲೇಲಿ ಕೊರೀತಿರುತ್ತೆ. ಮಾಸ್ಟ್ರು ಒಂದು ಮಾತು ಹೇಳಿದ್ರೆ ಮುಗೀತಿತ್ತು” ಎನ್ನುತ್ತಾರೆ.

ಆ ಒಂದು ಮಾತು, ‘ಕೈ ಕೂತಿತು’. ಕಲಿಸಿದವರು ಕಲಿತವರಿಗೆ ಒಂದೇ ಸಲ ಹೇಳುವ ಮಾತು ಅದು. ಅದು ಸಿಗುವವರೆಗೆ ನೀವು ಎಷ್ಟೇ ಚೆನ್ನಾಗಿ ನೇಯಿರಿ, ಇನ್ನೊಬ್ಬರಿಗೆ ಕಲಿಸುವ ಹಾಗಿಲ್ಲ. ಮಾಸ್ಟರು ತಮ್ಮ ಮಾಸ್ಟರಿಂದ ಅದನ್ನು ಪಡೆದರು. ಉಲ್ಟಕ್ಕನಿಗೆ ಕೊಟ್ಟಿಲ್ಲ. ಕೇಳಲು ಇವರಿಗೆ ಧೈರ್ಯವಿಲ್ಲ, ಕೇಳದೆ ಇರಲು ತಾಳ್ಮೆಯಿಲ್ಲ.

ಈ ವಾರ ಉಲ್ಟಕ್ಕ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಾರೆ. ಭಾನುವಾರ ಮಾಸ್ಟರು ದೂರದ ಊರಿನ ಮಗಳ ಮನೆಗೆ ಹೊರಡುತ್ತಾರೆ. ಮತ್ತೆ ಬರುವುದಿಲ್ಲ. ಅಂಗಡಿಯ ಯಜಮಾನ ಸೋಮವಾರವೇ ಹೇಳಿದ್ದಾನೆ: “ಅಕ್ಕ, ನೀವೊಬ್ರೇ ಎಷ್ಟು ದಿನ ಎಳೀತೀರಿ? ನಿಮಗೆ ಜ್ವರ ಬಂದ್ರೆ ಗಿರಾಕಿಗೆ ನಾನೇನು ಹೇಳ್ಲಿ? ಎರಡು ಕೈ ಇದ್ರೆ ಮೇಜು ಇರ್ಲಿ. ಇಲ್ಲಾಂದ್ರೆ ಅಲ್ಲೊಂದು ಒಣಗಿಸೋ ಮೆಷಿನ್ ಇಡ್ತೀನಿ. ಯಾರನ್ನಾದ್ರೂ ತನ್ನಿ, ಆದ್ರೆ ಮಾಸ್ಟ್ರು ಹೂಂ ಅನ್ಬೇಕು.”

ಎರಡನೆಯ ಕೈ ಇದೆ. ತೊಂದರೆ ಇರುವುದು ಅಲ್ಲೇ. ಎರಡು ವರ್ಷದ ಹಿಂದೆ ಕಾಲುಚೀಲದ ಕಾರ್ಖಾನೆ ಮುಚ್ಚಿ ನಾದಿನಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಳು. ದಿನವಿಡೀ ಗೋಡೆ ನೋಡುತ್ತಿದ್ದ ಅವಳ ಸ್ಥಿತಿ ಕಂಡು ಉಲ್ಟಕ್ಕನಿಗೆ ಕರುಳು ಚುರುಕ್ಕೆಂದಿತು. ಒಂದು ಸಂಜೆ ಸೂಜಿ ಕೊಟ್ಟರು. “ಸುಮ್ನೆ ಹೊತ್ತು ಹೋಗ್ಲಿ ಅಂತ ಅಷ್ಟೇ” ಎಂದು ತಮಗೆ ತಾವೇ ಹೇಳಿಕೊಂಡರು. ಹೊತ್ತು ಹೋಯಿತು, ಎರಡು ವರ್ಷವೂ ಹೋಯಿತು. ಸಂಜೆಯ ಬೆಳಕಿನಲ್ಲಿ ಅಡುಗೆಮನೆಯ ಮೇಜಿನ ಈಚೆ ಅತ್ತಿಗೆ, ಆಚೆ ನಾದಿನಿ. ಮಾಸ್ಟರ ಮುಂದೆ ಮಾತ್ರ ಬಾಯಿಗೆ ಬೀಗ.

ನಾದಿನಿಯ ಬಾಯಿಗೆ ಬೀಗವಿಲ್ಲ. “ಅತ್ತಿಗೆ, ಕದ್ದು ಕಲಿಸೋಕೆ ಇದೇನು ಕನ್ನ ಹಾಕೋ ವಿದ್ಯೆಯಾ? ಹೋಗಿ ಹೇಳಿ. ಬೈದ್ರೆ ಬೈಲಿ. ಬೈಗುಳ ಮೈಗೆ ಅಂಟಲ್ಲ” ಎನ್ನುತ್ತಾಳೆ.

“ನಿಂಗೆ ಅಂಟಲ್ಲ. ನಂಗೆ ಅಂಟುತ್ತೆ” ಎನ್ನುತ್ತಾರೆ ಉಲ್ಟಕ್ಕ.

ಇವತ್ತು ಶುಕ್ರವಾರ. ಅಂಗಡಿಗೆ ಹೊರಡುವಾಗ ಉಲ್ಟಕ್ಕನ ಚೀಲದಲ್ಲಿ ಗಂಡನ ಉಣ್ಣೆಯ ಜಾಕೆಟ್ಟಿದೆ. ಬಸ್ಸಿನ ಬಾಗಿಲಿಗೆ ಸಿಕ್ಕಿ ಮೊಣಕೈ ಬಳಿ ಹರಿದಿತ್ತು. ಕಳೆದ ವಾರ ನಾದಿನಿ ಒಬ್ಬಳೇ ಅದಕ್ಕೆ ರಫು ಹಾಕಿದಳು. ಅಡುಗೆಮನೆಯ ಮೇಜಿನ ಮೇಲೆ ಹರಡಿದಲ್ಲೇ, ತಾವು ಕೂತ ಈಚೆ ಬದಿಯಿಂದ ಮುಟ್ಟಿ ನೋಡಿದ ಉಲ್ಟಕ್ಕನಿಗೆ ತಮ್ಮದೇ ಕೆಲಸದ ಹಾಗೆ ಕಂಡಿತ್ತು. ಇವಳೂ ಕಿಟಕಿಯ ಕಡೆಯಿಂದಲೇ ಹೊರಟಿದ್ದಳು. ಅಯ್ಯೋ, ನನ್ನ ದೋಷವನ್ನೂ ಇವಳಿಗೆ ದಾಟಿಸಿಬಿಟ್ಟೆನಲ್ಲ ಎಂದು ಅವತ್ತು ತಮ್ಮನ್ನೇ ಬೈದುಕೊಂಡರು. ಎಲ್ಲ ಗೊತ್ತಿದ್ದೂ ಜಾಕೆಟ್ಟು ತಂದಿದ್ದಾರೆ. ಮುಗಿದ ಬಟ್ಟೆಗಳ ನಡುವೆ ಇಡುವುದು, ಮಾಸ್ಟರು ಮುಟ್ಟಿದ ಮೇಲೆ ನಿಜ ಹೇಳುವುದು. ಒಂದೇ ಸಲ ಎರಡು ತಪ್ಪಿಗೂ ಬೈಸಿಕೊಂಡರೆ ಆಯಿತು.

ಮಧ್ಯಾಹ್ನದ ಬೆಳಕು ಮೇಜಿನ ಮೇಲೆ ಬಂದಾಗ ಮಾಸ್ಟರು ಬಟ್ಟೆಗಳನ್ನು ಎಳೆದುಕೊಳ್ಳುತ್ತಾರೆ. ಮೊದಲು ಒಂದು ಶಾಲು. ಹೆಬ್ಬೆರಳು ಒಮ್ಮೆ ಸರಿದು ನಿಲ್ಲುತ್ತದೆ. “ನಿಂದು. ಚೆನ್ನಾಗಿದೆ. ಉಲ್ಟಾ.” ಆಮೇಲೊಂದು ಪ್ಯಾಂಟು. “ನಿಂದು.” ಮೂರನೆಯದು ಜಾಕೆಟ್ಟು. ಉಲ್ಟಕ್ಕ ಸೂಜಿ ಕೆಳಗಿಡುತ್ತಾರೆ. ಮಾಸ್ಟರು ಮೊಣಕೈಯ ಜಾಗ ಹುಡುಕಿ ತೋಳನ್ನು ಮಗುಚುತ್ತಾರೆ. ಹೆಬ್ಬೆರಳು ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ.

“ಇದನ್ನ ನಾನು ಯಾವಾಗ ಮಾಡ್ದೆ?” ಎನ್ನುತ್ತಾರೆ ಮಾಸ್ಟರು.

ಎಳೆಯ ತುದಿಗಳನ್ನು ಉಗುರಿನಿಂದ ಕೆದಕಿ ನೋಡುತ್ತಾರೆ.

“ಹಳೇದಲ್ಲ ಇದು. ಎಳೆ ಇನ್ನೂ ಗಟ್ಟಿಯಿದೆ. ನಾನು ಸೂಜಿ ಬಿಟ್ಟು ಎಷ್ಟು ಕಾಲ ಆಯ್ತು? ಕಣ್ಣು ಹೋಯ್ತು ಅಂದ್ರೆ ಜ್ಞಾಪಕಾನೂ ಹೋಯ್ತಾ?” ಅವರ ದನಿಯಲ್ಲಿ ನಿಜವಾದ ಗಾಬರಿ ಇದೆ. ಅದನ್ನು ಕೇಳಿ ಉಲ್ಟಕ್ಕನಿಗೆ ತಡೆಯಲಾಗುವುದಿಲ್ಲ.

“ನೀವಲ್ಲ ಮಾಸ್ಟ್ರೇ. ನನ್ನ ನಾದಿನಿ. ನಾನೇ ಕಲಿಸ್ದೆ. ಎರಡು ವರ್ಷದಿಂದ. ನಿಮ್ಮನ್ನ ಕೇಳ್ಲಿಲ್ಲ. ತಪ್ಪಾಯ್ತು.”

ಮಾಸ್ಟರು ಹೆಬ್ಬೆರಳನ್ನು ಮತ್ತೆ ರಫುವಿನ ಮೇಲೆ ಆಡಿಸುತ್ತಾರೆ. ಹೊರಗೆ ಯಜಮಾನ ಯಾರಿಗೋ ಚಿಲ್ಲರೆ ಕೊಡುವ ಸದ್ದು. ಕೊನೆಗೆ ಕೇಳುತ್ತಾರೆ: “ಎಲ್ಲಿ ಕೂರಿಸ್ಕೊಂಡು ಕಲಿಸ್ದೆ?”

“ಎದುರಿಗೆ. ನೀವು ಕೂರಿಸ್ಕೊಂಡ ಹಾಗೇ.”

ಹೇಳಿದ ಮೇಲೆಯೇ ಉಲ್ಟಕ್ಕನಿಗೆ ಹೊಳೆಯುತ್ತದೆ. ಜಾಕೆಟ್ಟು ಎಳೆದುಕೊಂಡು, ತಮ್ಮ ಕಡೆಗೆ ತಿರುಗಿಸಿಕೊಂಡು ಮುಟ್ಟಿ ನೋಡುತ್ತಾರೆ. ಬಲದಿಂದ ಎಡಕ್ಕೆ. ಮಾಸ್ಟರ ಬಲ ಇವರಿಗೆ ಎಡವಾಗಿತ್ತು, ಇವರ ಎಡ ನಾದಿನಿಗೆ ಬಲವಾಗಿದೆ. ಬೆಳಗಾಗೆದ್ದು ವರ್ಷಗಟ್ಟಲೆ ಕಿತ್ತು ಕಿತ್ತು ಹಾಕಿದರೂ ಬಾರದ ಆ ಕೈ, ಸಂಜೆ ಹೊತ್ತು ಕಳೆಯಲೆಂದು ಕಲಿತವಳಿಗೆ ಬಂದು ಕೂತಿದೆ.

“ಕೇಳ್ದೆ ಕಲಿಸಿದ್ದು ತಪ್ಪು. ಅದನ್ನ ನಾನು ಸರಿ ಅನ್ನಲ್ಲ” ಎನ್ನುತ್ತಾರೆ ಮಾಸ್ಟರು. “ಆ ಹುಡುಗಿಗೆ ಹೇಳು, ಕೈ ಕೂತಿತು ಅಂತ. ನಾಳೆ ಕರ್ಕೊಂಡು ಬಾ, ನನ್ನ ಬಾಯಿಂದಲೇ ಹೇಳ್ತೀನಿ. ಯಜಮಾನನಿಗೂ ಹೇಳ್ತೀನಿ.”

ಮೇಜು ಉಳಿಯಿತು, ನಾದಿನಿಗೆ ಕೆಲಸ ಸಿಕ್ಕಿತು. ಉಲ್ಟಕ್ಕನಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಸಂತೋಷವೇನೋ ಇದೆ. ಆದರೆ ತಾವು ಕಾದ ಮಾತು ತಮ್ಮ ಕಣ್ಣೆದುರೇ ಇನ್ನೊಬ್ಬರ ಪಾಲಾಗಿದೆ. ನಾದಿನಿ ತಮ್ಮವಳೇ, ಹೊಟ್ಟೆಕಿಚ್ಚು ಪಡಬಾರದು. ಆದರೂ ಆಗುತ್ತದೆ. ಇಷ್ಟು ವರ್ಷ ಬಾರದ ಧೈರ್ಯ ಈಗ ಬಂದುಬಿಡುತ್ತದೆ.

“ಮತ್ತೆ ನಂದು, ಮಾಸ್ಟ್ರೇ?”

“ನಿಂದು ಕೂರಲ್ಲ” ಎನ್ನುತ್ತಾರೆ ಮಾಸ್ಟರು, ಯೋಚನೆಯನ್ನೇ ಮಾಡದೆ. “ನಂದು ಮೂವತ್ತನೇ ವಯಸ್ಸಿಗೇ ಕೂತಿತು. ಆಮೇಲೆ ನಾನು ಹೊಸದೇನೂ ಕಲೀಲಿಲ್ಲ, ಅದನ್ನೇ ಮಾಡ್ಕೊಂಡು ಬಂದೆ. ನಿನ್ನ ಹೋದ ವರ್ಷದ ಕೆಲಸ ಬೇರೆ, ಈ ವರ್ಷದ್ದು ಬೇರೆ. ನನ್ನ ಬೆರಳಿಗೆ ಗೊತ್ತು. ಈಗ ಮುಟ್ಟಿದ ಆ ಶಾಲಿನ ಅಂಚಲ್ಲಿ ಏನೋ ಮಾಡಿದ್ದೀಯಲ್ಲ, ಅದು ನಂಗೆ ಬರಲ್ಲ.” ಸ್ವಲ್ಪ ತಡೆದು, “ಏನು ಮಾಡ್ದೆ ಅಲ್ಲಿ?” ಎಂದು ಕೇಳುತ್ತಾರೆ.

ಮಾಸ್ಟರು ಇವರನ್ನು ಕೆಲಸದ ಬಗ್ಗೆ ಪ್ರಶ್ನೆ ಕೇಳಿದ್ದು ಇದೇ ಮೊದಲು. ಉಲ್ಟಕ್ಕ ಶಾಲು ಬಿಡಿಸುತ್ತಾರೆ. ಹೇಳಲು ಬಾಯಿ ತೆರೆದು, ಮಾತಿನಲ್ಲಿ ಹೇಳಲಾಗದೆ, ಎದ್ದು ಹೋಗಿ ಅವರ ಹೆಬ್ಬೆರಳು ಹಿಡಿದು ಅಂಚಿನ ಮೇಲೆ ನಿಧಾನಕ್ಕೆ ನಡೆಸುತ್ತಾರೆ. ಎಡದಿಂದ ಬಲಕ್ಕೆ. “ಇಲ್ಲಿ ಒಂದು ಎಳೆ ಬಿಟ್ಟು ಹಿಡಿದಿದ್ದೀನಿ, ನೋಡಿ. ಆಮೇಲೆ ಎರಡು. ಎಳೆ ಜಗ್ಗೋ ಕಡೆ ಸ್ವಲ್ಪ ಸಡಿಲ.” ಮಾಸ್ಟರು ಶಾಲೆಯ ಹುಡುಗನ ಹಾಗೆ ತಲೆಯಾಡಿಸುತ್ತಾರೆ. ಅರ್ಥವಾಗಲಿಲ್ಲ, ಇನ್ನೊಂದು ಸಲ ತೋರಿಸು ಎನ್ನುತ್ತಾರೆ.

ಸಂಜೆ ಅಂಗಡಿ ಮುಚ್ಚುವಾಗ ಯಜಮಾನ ತಮಾಷೆಗೆ, “ಏನಕ್ಕ, ಇಪ್ಪತ್ತೊಂದು ವರ್ಷ ಕಾದು ಕೊನೆಗೂ ಆ ಮಾತು ಸಿಗಲಿಲ್ಲವಂತೆ” ಎನ್ನುತ್ತಾನೆ.

ಉಲ್ಟಕ್ಕ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಾರೆ. “ಅವರ ಕೈ ಮುಂದಿನೋರಿಗೆ ದಾಟಿಸಿದ್ದೀನಿ, ಅದು ಎಲ್ಲೂ ಹೋಗಲ್ಲ” ಎನ್ನುತ್ತಾರೆ. “ನಂದು ಇನ್ನೂ ನಡೀತಾ ಇದೆ.”