ಟೇಪಿಗೆ ಕಣ್ಣಿಲ್ಲ

ಭೂಮಿಕಾ, ಚೇತು, ಮೊನ್ನೆ ನೀವು ನನ್ನ ಟ್ರಂಕಿನಿಂದ ಒಂದು ಕೆಂಪು ಬಟ್ಟೆಯ ಚೂರು ಎಳೆದು, "ಅಜ್ಜಿ, ಇದನ್ನ ಎಸೀಲಾ?" ಅಂದಿರಲ್ಲ, ನಾನು ಕಿತ್ತುಕೊಂಡು ಮೂಗಿಗೆ ಹಿಡಿದೆ. ನೀವಿಬ್ಬರೂ ನಕ್ಕಿರಿ. ಎಲೆಅಡಿಕೆಯ ವಾಸನೆ ಇನ್ನೂ ಇತ್ತು... ಅದು ಮೈಕಿನ ತಲೆಗೆ ಕಟ್ಟುತ್ತಿದ್ದ ಬಟ್ಟೆ. ನಮ್ಮ ಪಕ್ಕದ ಮನೆಯ ಮೈಕ್ ಸೆಟ್ ಅಣ್ಣನದು.

ಕುಂದಲಹಳ್ಳಿಯ ಸುತ್ತ ರಾಗಿ ಹೊಲ ಇದ್ದ ಕಾಲದಿಂದಲೂ ಮದುವೆ, ನಾಮಕರಣ, ಕೋಲಾಟ ಎಲ್ಲಕ್ಕೂ ಮೈಕು ಕಟ್ಟುತ್ತಿದ್ದವರು ಅವರು. ನಮ್ಮ ಬೀದಿಯ ಕೋಲಾಟದ ರೀತಿಯೇ ಬೇರೆ. ಕುಣಿಯುವವರು ಗಂಡಸರು, ಪದ ಹೇಳುವವರು ಹೆಂಗಸರು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಆಲದ ಮರದ ಬಯಲಿನಲ್ಲಿ ಅವರು ಕೋಲು ಹಾಕಿದರೆ ನಾವು ಕಟ್ಟೆಯ ಮೇಲೆ ಕೂತು ಪದ ಎತ್ತುತ್ತಿದ್ದೆವು. ನಾನು ಎಲ್ಲರ ಹಿಂದೆ, ಸೆರಗು ಬಾಯಿಗೆ ಅಡ್ಡ ಹಿಡಿದು ಕೂರುತ್ತಿದ್ದೆ. ಆದರೆ ಪದ ಮರೆತವರು ತಿರುಗಿ ನೋಡುತ್ತಿದ್ದದ್ದು ನನ್ನನ್ನೇ.

ಬೇರೆಯವರು ಮೈಕಿಗೆ "ಹಲೋ, ಹಲೋ" ಅನ್ನುತ್ತಾರೆ. ಅಣ್ಣ ಟೇಪ್ ರೆಕಾರ್ಡರ್ ಒತ್ತಿ, ಗಂಟಲು ಸರಿಮಾಡಿಕೊಂಡು, ಹೊಸ ಸಂವತ್ಸರದ ಹೆಸರು ಹೇಳಿ, "ಊರು ಕುಂದಲಹಳ್ಳಿ. ಆಲದ ಮರದ ಬಯಲು. ಇವತ್ತು ಹೊಸತೊಡಕು, ಕೋಲಾಟ" ಅನ್ನುತ್ತಿದ್ದರು.

"ಅಣ್ಣೋ, ಊರು ಯಾವ್ದು ಅಂತ ನಮ್ಗೇ ಹೇಳ್ತೀಯಲ್ಲ, ನಾವೇನ್ ದಾರಿ ತಪ್ಪಿ ಬಂದಿದೀವಾ?" ಎಂದು ಹುಡುಗರು ಕಿಚಾಯಿಸುತ್ತಿದ್ದರು.

"ನಿಮ್ಗಲ್ಲ ಕಣ್ರೋ, ಟೇಪಿಗೆ. ಅದಕ್ಕೆ ಕಣ್ಣಿಲ್ಲ. ಎಲ್ಲಿದೀನಿ ಅಂತ ಅದಕ್ಕೆ ಎಂಗ್ ಗೊತ್ತಾಗ್ಬೇಕು?"

ಆಮೇಲೆ ಪದ ಹೇಳುವ ಒಬ್ಬೊಬ್ಬಳ ಮುಂದೆಯೂ ಮೈಕು ಹಿಡಿದು ಹೆಸರು ಹೇಳಿಸುತ್ತಿದ್ದರು. ನನ್ನ ಸರದಿ ಬಂದಾಗ ನಾನು ತಲೆ ತಗ್ಗಿಸಿಬಿಡುತ್ತಿದ್ದೆ. ಅಣ್ಣ ಸ್ವಲ್ಪ ಕಾದು, "ಇನ್ನೊಬ್ಬರು ಅವ್ರೆ... ನಾಚ್ಕೆ ಅವ್ರಿಗೆ" ಅಂತ ತಾವೇ ಟೇಪಿಗೆ ಹೇಳುತ್ತಿದ್ದರು. ಬಯಲೆಲ್ಲ ನಗು. ಪ್ರತಿ ವರ್ಷವೂ ಅದೇ.

ನಿಮ್ಮ ತಾತ ಹೋದ ಮೇಲೆ, ಸುತ್ತ ಕಂಪನಿಗಳು ಎದ್ದ ಮೇಲೆ, ಬಯಲನ್ನು ಪೂರ್ತಿ ಗಾಡಿ ನಿಲ್ಲಿಸಲು ಕೊಡುತ್ತಾರೆ, ಇನ್ನು ಅಲ್ಲಿ ಕೋಲಾಟ ಇಲ್ಲ ಎಂಬ ಸುದ್ದಿ ಬಂತು. ಬಯಲು ಹೋದರೆ ಕೋಲಾಟವೂ ಹೋದಂತೆಯೇ. ಬಾಡಿಗೆ ಮನೆಗಳ ತಾರಸಿ ಮೇಲೆ ಕುಣಿಯಲಾದೀತೇ? ಅಣ್ಣ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ, ಪದ ಹೇಳುವ ನಮ್ಮನ್ನೂ ಹೊರಡಿಸಿಕೊಂಡು ಪಾಲಿಕೆಯ ಕಚೇರಿಗೆ ಹೋದರು.

ಅಲ್ಲಿದ್ದ ಮೇಡಂ ಒಳ್ಳೆಯವರೇ. "ತಲೆಮಾರಿಂದ ಆಡ್ತಿದೀವಿ ಅಂತ ಎಲ್ಲರೂ ಹೇಳ್ತಾರೆ ಕಣಮ್ಮ. ನಾನು ಮೇಲಿನವರಿಗೆ ಬರೀಬೇಕಂದ್ರೆ ಏನಾದ್ರೂ ದಾಖಲೆ ಬೇಕಲ್ವಾ?" ಅಂದರು.

ಅಣ್ಣ ಟೇಪ್ ಒತ್ತಿದರು. "ಊರು ಕುಂದಲಹಳ್ಳಿ. ಆಲದ ಮರದ ಬಯಲು..." ಒಂದು ಮುಗಿದರೆ ಇನ್ನೊಂದು, ಬೇರೆ ಸಂವತ್ಸರ, ಅದೇ ಬಯಲು. ತೀರಿಹೋದವರು ತಮ್ಮ ತಮ್ಮ ಹೆಸರು ಹೇಳಿಕೊಂಡರು. ನಮ್ಮಲ್ಲೊಬ್ಬಳು ಅತ್ತೆಯ ಧ್ವನಿ ಕೇಳಿ ಕಣ್ಣೊರೆಸಿಕೊಂಡಳು. "ಇನ್ನೊಬ್ಬರು ಅವ್ರೆ, ನಾಚ್ಕೆ ಅವ್ರಿಗೆ" ಬಂದಾಗ ಮೇಡಂ ಕೂಡ ನಕ್ಕರು. ಹಿಂದೆಯೇ ಪದ ಶುರುವಾಯಿತು.

"ಎಲ್ಲಾದ್ರಲ್ಲೂ ಈ ಧ್ವನಿನೇ ಮುಂದಿದೆ. ಯಾರಿವರು? ಈಗ ಇದಾರಾ?" ಎಂದು ಮೇಡಂ ಕೇಳಿದರು.

ಅಣ್ಣ ಟೇಪಿನ ಸದ್ದು ತಗ್ಗಿಸಿದರು. ನನ್ನ ಕಡೆ ನೋಡಲಿಲ್ಲ.

ನಾನು ಎದ್ದು ನಿಂತೆ. "ನಾನೇ ಮೇಡಂ. ನಂಜಮ್ಮ" ಅಂದೆ. ಯಾರೂ ಕೇಳದಿದ್ದರೂ ಟೇಪಿನೊಡನೆ ಪದ ಎತ್ತಿದೆ. ಉಳಿದವರೂ ದನಿಗೂಡಿಸಿದರು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಂತರು. ಪದ ಮುಗಿದ ಮೇಲೆ ಮೇಡಂ ನಮ್ಮೆಲ್ಲರ ಹೆಸರು ಬರೆಸಿಕೊಂಡರು, ಕ್ಯಾಸೆಟ್ಟುಗಳನ್ನು ನಕಲು ಮಾಡಿಸಿಕೊಂಡರು.

ಬಯಲು ಉಳಿಯಿತು. ಒಂದು ಮೂಲೆಯಲ್ಲಿ ಗಾಡಿ ನಿಲ್ಲಿಸುತ್ತಾರೆ, ನಿಲ್ಲಿಸಲಿ. ಹೊಸತೊಡಕಿಗೆ ತೆಗೆಯುತ್ತಾರೆ.

ಮುಂದಿನ ಹೊಸತೊಡಕಿಗೆ ಅಣ್ಣ ಇರಲಿಲ್ಲ... ಅವರ ಹೆಂಡತಿ ಈ ಬಟ್ಟೆಯನ್ನು ತಂದು ನನ್ನ ಕೈಗಿಟ್ಟರು. ಬಾಡಿಗೆಗೆ ಬಂದ ಸೌಂಡಿನ ಹುಡುಗ "ಚೆಕ್, ಚೆಕ್" ಅನ್ನುತ್ತಿದ್ದ. "ಕೊಡಪ್ಪ ಇಲ್ಲಿ" ಎಂದು ಮೈಕು ಈಸಿಕೊಂಡೆ. ಸಂವತ್ಸರ, ಊರು, ಬಯಲು ಹೇಳಿದೆ. ಆಗ ಹೊಳೆಯಿತು, ಅಷ್ಟು ಕ್ಯಾಸೆಟ್ಟಿನಲ್ಲಿ ಒಂದರಲ್ಲೂ ಅಣ್ಣ ತಮ್ಮ ಹೆಸರು ಹೇಳಿಕೊಂಡಿರಲಿಲ್ಲ. ಹಾಗಾಗಿ ಮೊದಲು ಅವರ ಹೆಸರು ಹೇಳಿದೆ, ಆಮೇಲೆ ನನ್ನದು. ಈಗ ಪ್ರತಿ ವರ್ಷವೂ ಹಾಗೆಯೇ. ಆದರೂ ಮರದ ಬುಡದಲ್ಲಿ ಅವರು ಕೂರುತ್ತಿದ್ದ ಜಾಗ ನೋಡಿದರೆ ಮೊದಲ ಸಾಲನ್ನು ಎರಡು ಸಲ ಎತ್ತಬೇಕಾಗುತ್ತದೆ.

ಆ ಹೆಸರನ್ನು ಇಲ್ಲಿ ಬರೆದಿಲ್ಲ, ಮಕ್ಕಳೇ. ಕೇಳಬೇಕಾದರೆ ಹೊಸತೊಡಕಿಗೆ ಬಯಲಿಗೆ ಬನ್ನಿ. ನನ್ನ ನಂತರ ಮೈಕು ಹಿಡಿದು ಅದನ್ನು ಹೇಳಬೇಕಾದವರು ನೀವು. ಅಲ್ಲಿಯವರೆಗೆ ಈ ಹಾಳೆಗಳನ್ನು ಕೆಂಪು ಬಟ್ಟೆಯಲ್ಲೇ ಸುತ್ತಿ ಜೋಪಾನವಾಗಿಡಿ.