ಮಗ್ಗ ನಿಂತ ಹೊತ್ತು

“ಅಕ್ಕಾರ, ನಾ ಕೇಳಿದ್ದು ನಿಮ್ಮನ್ನಲ್ಲರಿ, ಹುಡುಗೀನ್ನ,” ಎಂದು ಆಪ್ತಸಮಾಲೋಚಕಿ ನಗುತ್ತಲೇ ಹೇಳಿದಾಗ ನಾನು ಹಿಂದೆ ಸರಿದು ಮಗಳನ್ನು ಮುಂದೆ ಕೂರಿಸಿದೆ. ಹದಿಮೂರರ ನನ್ನ ಮಗಳು ಶಾಲೆ ಎಂದರೆ ಸಾಕು, ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದಳು. ದೃಷ್ಟಿ ತೆಗೆದಿದ್ದೆವು, ಗುಳಿಗೆ ನುಂಗಿಸಿದ್ದೆವು. ಕೊನೆಗೆ ಗಜೇಂದ್ರಗಡದ ಡಾಕ್ಟರೇ ನಮ್ಮನ್ನು ರೋಣಕ್ಕೆ, ಇವರ ಹತ್ತಿರ ಕಳಿಸಿದ್ದರು.

“ಮನ್ಯಾಗ ಯಾರ ಮುಂದ ಹೇಳ್ಕೋತೀ ಯವ್ವಾ?” ಎಂದು ಅವರು ಕೇಳಿದರು.

“ಮಗ್ಗದ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲರಿ. ಏನಂದ್ರೂ ಹೂಂ ಅಂತಾರ,” ಎಂದಳು ಮಗಳು.

ಖರೇ ಮಾತು. ಸೀರೆ ನೇಯುವ ಮನೆಯವರು ನಾವು, ಕೈ ನಿಲ್ಲಿಸದೆ ಕೂಗಿಯೇ ಮಾತಾಡುವವರು. ಊಟಕ್ಕೆ ಕರೆಯಲು, ಬೈಯಲು ಅಷ್ಟು ಸಾಕು. ಮೆಲ್ಲಗೆ ಹೇಳುವ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. “ದಿನಾ ದೀಪ ಹಚ್ಚೂ ಹೊತ್ತಿಗೆ ಮಗ್ಗ ನಿಲ್ಲಿಸಿ ಈಕೀ ಮಾತು ಕೇಳ್ರಿ,” ಎಂದು ಆಪ್ತಸಮಾಲೋಚಕಿ ಹೇಳಿ ಕಳಿಸಿದರು.

ಅಂದು ಸಂಜೆ ನನ್ನ ಗಂಡ ನೇಯುತ್ತಿದ್ದ ಸೆರಗನ್ನು ಅರ್ಧಕ್ಕೇ ಬಿಟ್ಟು, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೆದ್ದರು.

“ಸೆರಗು ನಡುವ ಬಿಟ್ಟು ಯಾಕೋ ಎದ್ದಿ?” ಎಂದು ಅತ್ತೆ ಗದರಿದರು.

“ಮಗಳ ಮಾತು ಕೇಳೂದೈತಿ ಬೇ.”

ಅಪ್ಪನ ಮಗ್ಗುಲಿಗೆ ಬಂದು ಕೂತು, “ಮೈ ದಪ್ಪ ಆಗೇತಂತ ಸಾಲ್ಯಾಗ ನಗ್ತಾರಪ್ಪಾ, ಬಾಜೂಕ ಯಾರೂ ಕುಂಡ್ರಂಗಿಲ್ಲ,” ಎಂದು ಅವಳು ಬಿಕ್ಕಿದಳು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಆದರೆ ಶಾಲೆಗೆ ಹೋಗುತ್ತಿದ್ದಾಳೆ. ಹುಚ್ಚರ ದವಾಖಾನೆಗೆ ಅಲೆಯುತ್ತಾರೆ ಎಂದು ಓಣಿಯವರು ಆಡಿಕೊಂಡರೂ ವಾರಕ್ಕೊಮ್ಮೆ ರೋಣದ ಬಸ್ಸು ಹತ್ತುವುದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊನ್ನೆ ದೀಪ ಹಚ್ಚಿದ ಮೇಲೂ ಇವರು ಮೈಮರೆತು ನೇಯುತ್ತಿದ್ದರು. ಅವಳೇ ಹೋಗಿ ಲಾಳಿ ಕಸಿದುಕೊಂಡಳು: “ಅಪ್ಪಾ, ಏಳು. ಇದು ನನ್ನ ಹೊತ್ತು.”