ಆ ‘ಹೂಂ’ಗೆ ಅರ್ಥವೇನು?

“ಅಕಿ ಒಪ್ಪಿಲ್ರೀ ಟೀಚರ್. ಅಂಜಿ ಹೂಂ ಅಂದಾಳ. ನಿನ್ನೆ ನಾನೂ ಹಂಗ ಅಂದೆ.”

ಹಿಂದಿನ ಬೆಂಚಿನಿಂದ ಎದ್ದು ಹೀಗೆಂದವಳು ನೀಲವ್ವ, ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮುಂಬಯಿಯ ದಾದರ್ ಹತ್ತಿರದ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾಟಕದ ಪಾಠ ಮಾಡುತ್ತಿದ್ದೆ. ರಾಜ ವರನನ್ನು ಗೊತ್ತುಮಾಡಿ ಮಗಳನ್ನು ಕೇಳುತ್ತಾನೆ. ಅವಳು ‘ಹೂಂ’ ಎನ್ನುತ್ತಾಳೆ. ನಾಚಿಕೆಯಿಂದ ಒಪ್ಪಿದಳು ಎಂದು ಬರೆದುಕೊಳ್ಳಿ ಎಂದಿದ್ದೆ, ಅಷ್ಟೆ. ನೀಲವ್ವನ ಮಾತು ಕೇಳಿ ಪುಸ್ತಕ ಮುಚ್ಚಿದೆ.

ಸಂಜೆ ಆಂಟಾಪ್ ಹಿಲ್‌ನಲ್ಲಿದ್ದ ಅವಳ ಮನೆಗೆ, ಒಂದೇ ಕೋಣೆಯ ಖೋಲಿಗೆ ಹೋದೆ. ಕಟ್ಟಡದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಅವಳಪ್ಪ ಚಾಪೆ ಹಾಸಿ ಕೂರಿಸಿದ. ಇನ್ನೂ ಹದಿನಾಲ್ಕರ ಹುಡುಗಿ, ಮದುವೆ ಬೇಡ, ಓದಲಿ ಎಂದೆ. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು.

“ಅಕೀನ ಹೂಂ ಅಂದಾಳಲ್ರೀ ಅಕ್ಕಾರ. ಮಗಳನ್ನ ಕೇಳದ ಮದಿವಿ ಮಾಡೋ ಅಪ್ಪ ಅಲ್ರೀ ನಾ.”

ಸ್ಟೋವಿನ ಮುಂದೆ ಕೂತಿದ್ದ ನೀಲವ್ವ ತಲೆ ಎತ್ತಲಿಲ್ಲ.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಅದೇ ನಾಟಕವನ್ನು ಮುಂದೆ ಎಷ್ಟೋ ಸಲ ಪಾಠ ಮಾಡಿದೆ. ಆ ದೃಶ್ಯ ಬಂದಾಗ ಅರ್ಥ ಹೇಳದೆ, ಹುಡುಗಿಯರ ಕಡೆ ನೋಡುತ್ತಾ ಕಾಯುತ್ತಿದ್ದೆ.